ಹನ್ನೊಂದು ಮ್ಯಾಚು

ಹನ್ನೊಂದೇ ಮ್ಯಾಚು. ನಾನು ಎಣಿಸಿದ್ದೇನೆ.
ಕಾಚರಕನಹಳ್ಳಿ ರಘುಪತಿ ಹದಿಮೂರು ಅನ್ನುತ್ತಾನೆ,
ಟಾಸಾದ ಮೇಲೆ ಮಳೆಗೆ ನಿಂತುಹೋದ ಎರಡನ್ನೂ ಸೇರಿಸಿಕೊಂಡು.
ಸೇರಿಸಿಕೊಳ್ಳಲಿ. ನಮ್ಮ ಹತ್ತಿರ ಇರುವುದೇ ಅಷ್ಟು.

ಸಂಪಂಗಿ ಅಂತ ಹೆಸರು, ದೊಡ್ಡಮಾವಳ್ಳಿಯವನು.
ಲಾಲ್‌ಬಾಗಿನ ಗೋಡೆಗೆ ಇದ್ದಿಲಲ್ಲಿ ಮೂರು ಗೆರೆ ಎಳೆದು
ಕಲಿತದ್ದಷ್ಟೇ, ಕೋಚು ಗೀಚು ಇರಲಿಲ್ಲ.
ಅಪ್ಪನದು ಸೌದೆ ಡಿಪೋ.
ಆ ಭುಜ ಕೊಡಲಿ ಎತ್ತಿ ಎತ್ತಿ ಬಂದದ್ದು.

ನಾನಾಗ ಬಿಟಿಎಸ್ ಕಂಡಕ್ಟರ್.
ಶನಿವಾರ ಮಧ್ಯಾಹ್ನದ ಟ್ರಿಪ್ಪು ಮೈದಾನದ ಬೇಲಿ ಮುಟ್ಟಿದೊಡನೆ
ಡ್ರೈವರ್ ಖಾದರ್ ಸಾಬರು, ಇಂಜಿನ್ನಿಗೆ ಏನೋ ಆಗಿದೆ ಎಂದು ಇಳಿದು
ಬಾನೆಟ್ಟು ಎತ್ತಿ, ಅದಕ್ಕೆ ಬೆನ್ನು ಮಾಡಿ ನಿಲ್ಲುವರು.
ಸರಿಯಾಗಿ ಒಂದು ಓವರಿನ ರಿಪೇರಿ.
ಮೊದಮೊದಲು ಪ್ಯಾಸೆಂಜರು ಬೈದರು.
ಆಮೇಲೆ ಎಡಗಡೆ ಕಿಟಕಿಗೆ ಜಗಳ.

ಓಡಿ ಬರುವಾಗ ಸದ್ದೇ ಇಲ್ಲ, ಬೆಕ್ಕು.
ಚೆಂಡು ಬಿಡುವಾಗ ಮಾತ್ರ ಎದೆಯಿಂದ ಒಂದು ‘ಹುಂ’,
ಸೌದೆ ಸೀಳುವವರದು.
ಮ್ಯಾಟಿನ ಮೇಲೆ ಪಟ್ಟೆಂದದ್ದು ಕೇಳುವಷ್ಟರಲ್ಲಿ
ಬ್ಯಾಟುಗಾರ ಹಿಂದೆ ತಿರುಗಿ ನೋಡುತ್ತಿದ್ದ,
ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ.

ಟಿಕೆಟಿನ ಹಿಂಬದಿ ಬರೆದಿಟ್ಟಿದ್ದೇನೆ:
ಒಂಬತ್ತು ಓವರ್, ಹದಿನಾಲ್ಕು ರನ್, ಆರು.
ಏಳು ಓವರ್, ಹನ್ನೊಂದು, ನಾಲ್ಕು.
ಎರಡು ಓವರ್, ಸೊನ್ನೆ, ಒಂದು.
ಅವತ್ತು ಮೂರನೆಯದಕ್ಕೆ ಗುರುತಿನತ್ತ ನಡೆದವನು
ಗುರುತು ದಾಟಿ, ಗೆರೆ ದಾಟಿ, ರಸ್ತೆಗೇ ಬಂದುಬಿಟ್ಟ.
ನಮ್ಮ ಬಸ್ಸನ್ನೇ ಹತ್ತಿದ. ಮೇಲಿನ ಕಂಬಿ ಹಿಡಿಯಲು ಕೈ ಏಳಲಿಲ್ಲ.

ಒಂದು ವರ್ಷ ಪುತ್ತೂರು ಕಟ್ಟು.
ಬಂದ. ಮೂರು ಮ್ಯಾಚು. ಈ ಸಲ ಮೊಣಕಾಲು.
ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿನಲ್ಲಿ
ಕಾಲಿಗೆ ಹಗ್ಗ, ಹಗ್ಗಕ್ಕೆ ಮರಳಿನ ಚೀಲ.
ಫಿಲೋಮಿನಾ ಟೀಚರ್ ಶಿವಾಜಿನಗರದ ಮೇರಿಯಮ್ಮನಿಗೆ
ಮೇಣದ ಕಾಲೊಂದು, ಕೈಯೊಂದು ಒಪ್ಪಿಸಿ ಬಂದರು.
ಬಲಗೈ ಕೇಳಿದ್ದಕ್ಕೆ ಅಂಗಡಿಯವನು ಎಡಗೈ ಕೊಟ್ಟನೇನೋ ಅಂತ
ಅವರಿಗೆ ಇವತ್ತಿಗೂ ಅನುಮಾನ.

ಬಂದ. ಓಟ ಅರ್ಧ ಮಾಡಿಕೊಂಡು ಬಂದ.
ಅದು ಹನ್ನೊಂದನೆಯದು. ಅದರಲ್ಲೇ ಆ ಚೆಂಡು.
ನಡುವಿನ ಸ್ಟಂಪು ಎರಡಾಯಿತು. ಮೇಲಿನ ತುಂಡು
ಕೀಪರನ ತಲೆ ದಾಟಿ ಹಾರಿತು.
ಖಾದರ್ ಸಾಬರು ಹಾರ್ನ್ ಹೊಡೆದರು, ಬಿಡದೆ,
ಟ್ರಾಫಿಕ್ ಪೊಲೀಸು ಬರುವ ತನಕ.

ಈಗ ಸಾಬರಿಲ್ಲ. ಬಿಟಿಎಸ್ ಇಲ್ಲ, ಬೇಲಿಯೂ ಇಲ್ಲ.
ಮಿನರ್ವ ಸರ್ಕಲ್ಲಿನ ಆಚೆ ಒಂದು ಟೀ ಅಂಗಡಿಯ ಬೆಂಚು,
ಶನಿವಾರ ನಾಲ್ಕು ಜನ.
‘ಆ ಭುಜ ಒಂದು ನೆಟ್ಟಗಿದ್ದಿದ್ದರೆ...’ ಎಂದು ಯಾರೋ ಶುರುಮಾಡುತ್ತಾರೆ.
ಮೂವತ್ತೈದು ವರ್ಷದಿಂದ ಆ ವಾಕ್ಯವನ್ನು ಯಾರೂ ಮುಗಿಸಿಲ್ಲ.
ಮುಗಿಸಿದರೆ ಎದ್ದು ಮನೆಗೆ ಹೋಗಬೇಕಾಗುತ್ತದೆ.

ಹೋದ ಆಷಾಢದಲ್ಲಿ ಸಿಕ್ಕ, ಮಾರ್ಕೆಟ್ಟಿನ ಹಿಂದೆ.
ತಲೆ ಬೆಳ್ಳಗೆ, ಬಲಗೈ ಪ್ಯಾಂಟಿನ ಜೇಬಿನಲ್ಲಿ,
ಎಡಗೈಯಲ್ಲಿ ನಿಂಬೆಹಣ್ಣು ಆರಿಸುತ್ತಿದ್ದ.
ನನ್ನ ಪರಿಚಯ ಹೇಳಲಿಲ್ಲ, ಚೆಂಡಿನ ಪರಿಚಯ ಹೇಳಿದೆ.
ನಕ್ಕ.
‘ಅದಾ? ನೋಬಾಲ್ ಸಾರ್ ಅದು.
ಮಂಡಿ ನಿಲ್ಲಲಿಲ್ಲ, ಕಾಲು ಒಂದು ಗೇಣು ಆಚೆ ಹೋಗಿತ್ತು.
ಅಂಪೈರು ನನ್ನ ಕೈ ನೋಡ್ತಾ ನಿಂತ್ಬಿಟ್ರು, ಪಾಪ.’
ನಿಂಬೆಹಣ್ಣು ಒಂದನ್ನು ಬುಟ್ಟಿಗೆ ವಾಪಸು ಹಾಕಿದ.

ಅಂಪೈರೊಬ್ಬರೇ ಅಲ್ಲ.
ಬಸ್ಸು ಬಸ್ಸೇ ನೋಡುತ್ತಿದ್ದುದು ಕೈಯನ್ನು.

ಆ ಶನಿವಾರ ರಘುಪತಿ ಟವೆಲ್ಲು ಬಿಚ್ಚಿ
ಸ್ಟಂಪಿನ ತುಂಡನ್ನು ಬೆಂಚಿನ ಮೇಲಿಟ್ಟ.
ಟೀಚರ್ ಕನ್ನಡಕ ಒರೆಸಿಕೊಂಡರು.
ಟೀ ಕೊಡಲು ಬಂದ ಹುಡುಗ, ಹೊಸಬ, ಏನದು ಅಂತ ಕೇಳಿದ.
‘ಎಷ್ಟು ಹೆಜ್ಜೆ ಹಾರಿತ್ತು, ಇವನಿಗೆ ಹೇಳಿ,’ ಅಂದ ರಘುಪತಿ ನನಗೆ.

ಹೋದ ಸಲ ಹದಿನೆಂಟು ಅಂದಿದ್ದೆ.
ಇಪ್ಪತ್ತು ಅಂದೆ.